ಕೆಂಪು ಸ್ಟೇಪ್ಲರ್ ಇರುವ ಸಿನಿಮಾ

ಆಫೀಸಿನ ಕಥೆ ಇರಬೇಕು, ಗದ್ದಲ ಇರಬಾರದು, ನೋಡುವ ಮೊದಲು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹಿಡಿಸಿರಬೇಕು, ಅಂಥ ಕಾಮಿಡಿ ಸಿನಿಮಾ ಯಾವುದು ಅಂತ ಕೇಳಿದ್ದೀರಿ. ನನಗೆ ಅದು 1999ರ ಇಂಗ್ಲಿಷ್ ಸಿನಿಮಾ ‘ಆಫೀಸ್ ಸ್ಪೇಸ್’. ನಿರ್ದೇಶಕ ಮೈಕ್ ಜಡ್ಜ್. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ.

ನನ್ನ ಮನೆ ಧಾರವಾಡ, ಕೆಲಸ ಹುಬ್ಬಳ್ಳಿ. ಒಂದು ಶನಿವಾರ ಸಂಜೆ ಚಿಗರಿ ಬಸ್ ಇಳಿದು, ಗಿರ್ಮಿಟ್ ಕಟ್ಟಿಸಿಕೊಂಡು ಬಂದು, ಸುಮ್ನೆ ನೋಡೋಣ ಅಂತ ಹಾಕಿದೆ. ಅಮೆರಿಕದ ಸಾಫ್ಟ್‌ವೇರ್ ಕಂಪನಿಯ ಕಥೆ ನಮಗೇನು ಹತ್ತುತ್ತದೆ ಅಂದುಕೊಂಡಿದ್ದೆ. ಗಿರ್ಮಿಟ್ ಮೆತ್ತಗಾದರೂ ಗೊತ್ತಾಗಲಿಲ್ಲ.

ನಾಯಕ ಪೀಟರ್ ಒಂದು ವರದಿಗೆ ಮೇಲಿನ ಹಾಳೆ ಹಚ್ಚುವುದನ್ನು ಮರೆತಿರುತ್ತಾನೆ. ಒಬ್ಬ ಬಾಸ್ ಬಂದು ಹೇಳುತ್ತಾನೆ. ಆಮೇಲೆ ಇನ್ನೊಬ್ಬ ಬಂದು ಅದನ್ನೇ ಹೇಳುತ್ತಾನೆ. ಅವನಿಗೆ ಒಟ್ಟು ಎಂಟು ಮಂದಿ ಬಾಸ್!

ಆದರೆ ನನಗೆ ಮನಸ್ಸಲ್ಲಿ ಉಳಿದವನು ಮಿಲ್ಟನ್. ದಪ್ಪ ಕನ್ನಡಕ, ಬಾಯೊಳಗೇ ಗೊಣಗುವ ಮಾತು. ಅವನ ಟೇಬಲ್ಲನ್ನು ಪದೇ ಪದೇ ಸರಿಸುತ್ತಾರೆ. ಕೆಂಪು ಸ್ಟೇಪ್ಲರ್ ಒಂದಿರುತ್ತದೆ, ಅದನ್ನೂ ಒಯ್ಯುತ್ತಾರೆ. ಬಾಸಿನ ಹುಟ್ಟುಹಬ್ಬಕ್ಕೆ ಕೇಕ್ ಕೊಯ್ದಾಗ ಒಂದು ತಟ್ಟೆ ಅವನ ಕೈಗೆ ಬರುತ್ತದೆ. ಮುಂದೆ ದಾಟಿಸು ಅನ್ನುತ್ತಾರೆ. ಹೋದ ಸಲವೂ ನನಗೆ ಸಿಗಲಿಲ್ಲ ಅನ್ನುತ್ತಾನೆ, ಆದರೂ ದಾಟಿಸುತ್ತಾನೆ. ಕೊನೆಗೆ ಕೇಕೇ ಉಳಿಯುವುದಿಲ್ಲ. ನಕ್ಕೆ, ಆದರೆ ನಗು ಅರ್ಧಕ್ಕೇ ನಿಂತಿತು.

ಯಾಕಂದರೆ ನಾನು ಮೊದಲು ಕೆಲಸ ಮಾಡಿದ ಆಫೀಸಿನಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದರು. ಎಲ್ಲರಿಗೂ ಕಾಕಾ. ಎರಡು ವರ್ಷದಲ್ಲಿ ಮೂರು ಸಲ ಅವರ ಜಾಗ ಬದಲಾಯಿತು. ಕೊನೆಯದು ಮೆಟ್ಟಿಲ ಕೆಳಗೆ, ನೀರಿನ ಫಿಲ್ಟರ್ ಪಕ್ಕ. ಪ್ರತಿ ಸಲವೂ ಖುರ್ಚಿ ಮೇಲಿನ ಕೌದಿ ತುಂಡನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, “ಎಲ್ಲಿ ಕೂಡ್ಲಿರೀ?” ಅಂತ ಕೇಳುತ್ತಿದ್ದರು. ಅಷ್ಟೇ. ನಾವ್ಯಾರೂ ಏನೂ ಅಂದಿರಲಿಲ್ಲ. ಈ ಸಿನಿಮಾದಲ್ಲಿ ಕಿರುಚಾಟ ಕಡಿಮೆ, ಅದಕ್ಕೇ ಇಂಥದ್ದು ಕಾಣುತ್ತದೆ ಅನಿಸುತ್ತದೆ.

ಥಿಯೇಟರಿನಲ್ಲಿ ಇದು ಅಷ್ಟೇನೂ ಓಡಲಿಲ್ಲ. ವಿಡಿಯೋ, ಡಿವಿಡಿ ಬಂದಮೇಲೆ ಜನ ಹುಡುಕಿ ನೋಡಿದರು. ಮಿಲ್ಟನ್‌ನ ಆ ಸ್ಟೇಪ್ಲರ್ ತಯಾರಿಸುವ ಕಂಪನಿ ಆಗ ಕೆಂಪು ಬಣ್ಣದ್ದನ್ನೇ ಮಾರುತ್ತಿರಲಿಲ್ಲ, ಸಿನಿಮಾಕ್ಕಾಗಿ ಬಣ್ಣ ಬಳಿದದ್ದು. ಆಮೇಲೆ ಜನ ಕೇಳಿ ಕೇಳಿ ಕಂಪನಿಯೇ ಕೆಂಪಿನದನ್ನು ತಯಾರಿಸಿತು.

ಕೊನೆಯಲ್ಲಿ ಬರುವ ದುಡ್ಡು ಲಪಟಾಯಿಸುವ ಭಾಗ ಸ್ವಲ್ಪ ಜಾಳು. ಬೈಗುಳ ಇವೆ, ಮಕ್ಕಳನ್ನು ಕೂರಿಸಿಕೊಂಡು ನೋಡಬೇಡಿ. ಪ್ರಿಂಟರನ್ನು ಬಯಲಿಗೆ ಒಯ್ದು ಬಡಿಯುವ ದೃಶ್ಯವನ್ನಂತೂ ನಾನು ಮೂರು ಸಲ ನೋಡಿದೆ.