ಚಿತ್ರ ನೋಡಿ ಕಥೆ ಹೇಳಿದರೆ ಅದು ಓದಾಗುತ್ತದೆಯೇ?

ಈ ಸಂಚಿಕೆಯ ಪ್ರಶ್ನೋತ್ತರ: ಮಕ್ಕಳ ಚಿತ್ರಪುಸ್ತಕಗಳು

ಪ್ರಶ್ನೆ: ಮಗಳಿಗೆ ಐದೂವರೆ ವರ್ಷ. ಪುಸ್ತಕ ಕೊಟ್ಟರೆ ಅಕ್ಷರದ ಕಡೆ ಕಣ್ಣೇ ಹಾಯಿಸುವುದಿಲ್ಲ, ಚಿತ್ರ ನೋಡಿ ಕಥೆ ಒಪ್ಪಿಸಿಬಿಡುತ್ತಾಳೆ. ಚಿತ್ರದ ಮೇಲೆ ಕಾಗದ ಮುಚ್ಚಿ ಓದಿಸಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹಾಗೆ ಮಾಡಲೇ?
– ಒಬ್ಬ ತಾಯಿ, ಹಾಸನ

ಉತ್ತರ: ಬೇಡ. ಮುಚ್ಚಿದರೆ ಅರ್ಧ ಕಥೆಯನ್ನೇ ಮುಚ್ಚಿದ ಹಾಗೆ. ಒಳ್ಳೆಯ ಚಿತ್ರಪುಸ್ತಕದಲ್ಲಿ ಮಾತು ಹೇಳದ್ದನ್ನು ಚಿತ್ರ ಹೇಳುತ್ತದೆ. ‘ಅಜ್ಜಿ ನಿದ್ದೆ ಹೋದಳು’ ಎಂದಷ್ಟೇ ಬರೆದಿರುತ್ತದೆ. ಚಿತ್ರದಲ್ಲಿ ಬೆಕ್ಕು ನೆಲುವಿನ ಹಾಲಿನ ಪಾತ್ರೆಗೆ ಮೂತಿ ಚಾಚಿರುತ್ತದೆ. ಮುಂದೇನಾಗಬಹುದು ಎಂದು ಮಗು ಊಹಿಸುವುದು ಆ ಬೆಕ್ಕನ್ನು ನೋಡಿಯೇ. ದೊಡ್ಡವಳಾದ ಮೇಲೆ ಚಿತ್ರವಿಲ್ಲದ ಪುಟದಲ್ಲಿ ಸಾಲುಗಳ ನಡುವಿನ ಅರ್ಥ ಹಿಡಿಯಲು ಬೇಕಾಗುವುದೂ ಇದೇ ಊಹೆ.

ಕನ್ನಡದಲ್ಲಿ ಇನ್ನೊಂದು ಕಾರಣವಿದೆ. ವರ್ಣಮಾಲೆ ಐವತ್ತರ ಆಸುಪಾಸಿನದಾದರೂ ಮೂವತ್ತನಾಲ್ಕು ವ್ಯಂಜನಗಳ ಕಾಗುಣಿತವೇ ನಾನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರ ಬೇರೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿದೆ: ಇಷ್ಟು ಅಕ್ಷರಗಳ ಮೇಲೆ ಹಿಡಿತ ಬರಲು ಕೆಲವು ವರ್ಷಗಳೇ ಬೇಕು. ಅಲ್ಲಿಯವರೆಗೆ ಮಗುವನ್ನು ಪುಸ್ತಕದ ಹತ್ತಿರ ಇಟ್ಟುಕೊಳ್ಳುವುದು ಚಿತ್ರ.

ಅಕ್ಷರದ ಕಡೆ ಕಣ್ಣು ಎಳೆಯಲು ಹೀಗೆ ಮಾಡಿ. ಮತ್ತೆ ಮತ್ತೆ ಬರುವ ಸಾಲೊಂದಿರುವ ಪುಸ್ತಕ ಆರಿಸಿ. ಮೊದಲ ಸಲ ನಿಲ್ಲಿಸದೆ ಓದಿಬಿಡಿ. ಎರಡನೆಯ ಸಲ ಆ ಸಾಲು ಬಂದಾಗ ಮಾತ್ರ ಪದಗಳ ಕೆಳಗೆ ಬೆರಳು ಜಾರಿಸಿ. ಉಳಿದ ಪುಟಗಳಲ್ಲಿ ಬೆರಳು ಬೇಡ, ಕಥೆ ಕುಂಟುತ್ತದೆ. ಮೂರನೆಯ ಸಲ ಆ ಸಾಲಿನ ಕೊನೆಯ ಪದ ಬಿಟ್ಟು ನಿಲ್ಲಿ, ಅವಳೇ ತುಂಬಲಿ. ಒಂದು ಪುಸ್ತಕಕ್ಕೆ ಎರಡು ಮೂರು ಪದ ಗುರುತಾದರೆ ಸಾಕು.

ಎರಡನೆಯ ತರಗತಿಗೆ ಬಂದ ಮೇಲೂ ಊಹೆಯೇ ನಡೆದಿದೆ ಅನ್ನಿಸಿದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಪುಸ್ತಕದಲ್ಲಿ ‘ಬೆಕ್ಕು ಹಾಲು ಕುಡಿಯಿತು’ ಎಂದಿದ್ದರೆ ಚೀಟಿಯಲ್ಲಿ ‘ಬೆಕ್ಕು ನೀರು ಕುಡಿಯಿತು’ ಎಂದು ಬರೆದು ಕೊಡಿ. ‘ಹಾಲು’ ಎಂದೇ ಓದಿದರೆ ಅವಳು ಅಕ್ಷರ ಓದುತ್ತಿಲ್ಲ. ಆಗ ಅಕ್ಷರಾಭ್ಯಾಸಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ. ಪ–ಷ, ಬ–ಭ, ಮ–ವ ಇಂಥ ಜೋಡಿಗಳಲ್ಲಿ ತಡವರಿಸುತ್ತಾಳೆಯೇ, ದೀರ್ಘ ತಪ್ಪುತ್ತಾಳೆಯೇ ನೋಡಿ. ಕಥೆಯ ಹೊತ್ತನ್ನು ಮಾತ್ರ ಅದಕ್ಕೆ ಬಲಿ ಕೊಡಬೇಡಿ.

ಪ್ರಶ್ನೆ: ನಮ್ಮ ಕೇಂದ್ರದಲ್ಲಿ 24 ಮಕ್ಕಳು. ಒಂದು ಕಥೆಗೆ ಇರುವುದು ಒಂದೇ ಪುಸ್ತಕ. ಹಿಂದೆ ಕೂತವರಿಗೆ ಕಾಣುವುದಿಲ್ಲ, ಗಲಾಟೆ ಶುರುವಾಗುತ್ತದೆ.
– ಅಂಗನವಾಡಿ ಕಾರ್ಯಕರ್ತೆ, ರಾಯಚೂರು ಜಿಲ್ಲೆ

ಉತ್ತರ: ಗಲಾಟೆ ಮಾಡುವುದು ಚಿತ್ರ ಕಾಣದವರೇ. ಎಂಟೆಂಟು ಮಕ್ಕಳ ಮೂರು ಗುಂಪು ಮಾಡಿ. ಒಂದು ಗುಂಪಿಗೆ ಕಥೆ, ಉಳಿದವರಿಗೆ ಸಹಾಯಕಿಯ ಜೊತೆ ಆಟ ಅಥವಾ ಬಣ್ಣ. ಮಕ್ಕಳು ಅರ್ಧಚಂದ್ರಾಕಾರದಲ್ಲಿ ಕೂರಲಿ, ನೀವೂ ನೆಲದ ಮೇಲೆ ಕೂತುಕೊಳ್ಳಿ. ಪುಸ್ತಕವನ್ನು ನಿಮ್ಮ ಎದೆಯ ಮುಂದಲ್ಲ, ಭುಜದ ಪಕ್ಕಕ್ಕೆ, ಪುಟ ಮಕ್ಕಳ ಕಡೆ ತಿರುಗುವಂತೆ ಹಿಡಿದು ಓರೆಗಣ್ಣಲ್ಲಿ ಓದಬೇಕು. ಇದಕ್ಕೆ ಹಿಂದಿನ ದಿನವೇ ಎರಡು ಸಲ ಓದಿಕೊಂಡಿರಬೇಕಾಗುತ್ತದೆ. ಕಿಟಕಿಗೆ ಬೆನ್ನು ಮಾಡಿ ಕೂತರೆ ಪುಟ ಕಪ್ಪಾಗಿ ಕಾಣುತ್ತದೆ. ಬೆಳಕು ಮಕ್ಕಳ ಹಿಂದಿನಿಂದ ಬರಲಿ.

ದಿನಕ್ಕೊಂದು ಹೊಸ ಪುಸ್ತಕ ಬೇಕಿಲ್ಲ, ಒಂದನ್ನೇ ನಾಲ್ಕು ದಿನ ಓದಿ. ಮೊದಲ ದಿನ ಬರೀ ಕಥೆ. ಎರಡನೆಯ ದಿನ ಪುಟಕ್ಕೊಂದು ಪ್ರಶ್ನೆ. ‘ಇದು ಆನೆ ಹೌದಲ್ಲ?’ ಎಂದು ಕೇಳಿದರೆ ‘ಹ್ಞೂಂ’ ಎಂಬಲ್ಲಿಗೆ ಮುಗಿಯಿತು. ‘ಆನೆ ಯಾಕ ಓಡಾಕತ್ತೈತಿ?’ ಎಂದು ಕೇಳಿ. ಮಗು ‘ಜೇನು’ ಅಂದರೆ ‘ಹೌದು, ಜೇನುಹುಳ ಬೆನ್ನು ಹತ್ಯಾವು’ ಎಂದು ಅದರ ಮಾತನ್ನೇ ಒಂದಿಷ್ಟು ಬೆಳೆಸಿ, ಮಗುವಿನಿಂದಲೂ ಹೇಳಿಸಿ. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಂದೆತಾಯಿ ಹೀಗೆ ಕೇಳುತ್ತ, ಬೆಳೆಸುತ್ತ ಓದಿದಾಗ ಒಂದೇ ತಿಂಗಳಲ್ಲಿ ಎರಡು–ಮೂರು ವರ್ಷದ ಮಕ್ಕಳ ಮಾತು ಸುಧಾರಿಸಿತ್ತು. ಮೂರನೆಯ ದಿನ ಮಕ್ಕಳು ಅಭಿನಯಿಸಲಿ, ನಾಲ್ಕನೆಯ ದಿನ ಪುಸ್ತಕ ಅವರ ಕೈಗೆ.

ಪುಸ್ತಕದಲ್ಲಿ ‘ಈರುಳ್ಳಿ’, ‘ಆಲೂಗಡ್ಡೆ’ ಇದ್ದು ಮಕ್ಕಳ ಬಾಯಲ್ಲಿ ‘ಉಳ್ಳಾಗಡ್ಡಿ’, ‘ಬಟಾಟಿ’ ಇದ್ದರೆ ಎರಡನ್ನೂ ಹೇಳಿ. ಮನೆಮಾತನ್ನು ತಿದ್ದಲು ಹೋದರೆ ಮಗು ಮುಂದಿನ ಪುಟಕ್ಕೆ ಬಾಯಿಯೇ ಬಿಡುವುದಿಲ್ಲ.

ಪ್ರಶ್ನೆ: ಮೂರು ವರ್ಷದ ಮೊಮ್ಮಗನಿಗೆ ದಿನಾ ಅದೇ ಪುಸ್ತಕವೇ ಬೇಕು. ಬೇರೆ ಕೊಟ್ಟರೆ ಎಸೆಯುತ್ತಾನೆ.
– ಒಬ್ಬ ತಾತ, ಶಿರಸಿ

ಉತ್ತರ: ಓದಿ, ತಾತ. ಬೇಸರ ನಿಮಗೆ, ಅವನಿಗಲ್ಲ. ಮುಂದೇನು ಎಂದು ಮೊದಲೇ ಗೊತ್ತಿರುವುದರಿಂದ ಪ್ರತಿ ಸಲವೂ ಅವನ ಗಮನ ಹೊಸ ಪದಕ್ಕೆ, ಚಿತ್ರದ ಇನ್ನೊಂದು ಮೂಲೆಗೆ ಹೋಗುತ್ತದೆ. ಹೊಸ ಪುಸ್ತಕವನ್ನು ಹಳೆಯದರ ಬದಲಿಗೆ ಕೊಡದೆ, ಅದು ಮುಗಿದ ಮೇಲೆ ಓದಿ.

ಪ್ರಶ್ನೆ: ಇಲ್ಲಿ ಕನ್ನಡದ ಚಿತ್ರಪುಸ್ತಕ ಸಿಗುವುದಿಲ್ಲ. ಮಗನಿಗೆ ಏಳು ವರ್ಷ, ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ.
– ಒಬ್ಬ ತಂದೆ, ಸಿಂಗಪುರ

ಉತ್ತರ: ಬೆಂಗಳೂರಿನ ಮಕ್ಕಳ ಪುಸ್ತಕ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಪುಸ್ತಕಗಳು ಉಚಿತ, ಮುಕ್ತ ಪರವಾನಗಿಯವು. ಲೇಖಕರು, ಕಲಾವಿದರ ಹೆಸರಿರುವ ಪುಟ ಬಿಡದೆ ಮುದ್ರಿಸಿಕೊಳ್ಳಬಹುದು. ಓದಿನ ಸುಲಭ–ಕಷ್ಟ ನೋಡಿ ಪುಸ್ತಕಗಳಿಗೆ ನಾಲ್ಕು ಹಂತಗಳಿವೆ. ವಯಸ್ಸು ನೋಡಿ ಮೂರನೆಯದಕ್ಕೆ ಹೋಗದೆ ಒಂದರಿಂದಲೇ ಹಿಡಿಯಿರಿ.

ಓದುವಾಗ ಮೊದಲು ಆಡುಮಾತಿನ ‘ಹೋಗ್ತಿದಾನೆ’ ಹೇಳಿ, ಆಮೇಲೆ ಪುಸ್ತಕದ ‘ಹೋಗುತ್ತಿದ್ದಾನೆ’. ಸಾಲುಸಾಲಿಗೂ ಇಂಗ್ಲಿಷ್ ಹೇಳಬೇಡಿ. ಹುಡುಗ ಕನ್ನಡಕ್ಕೆ ಕಿವಿಗೊಡುವುದನ್ನು ಬಿಟ್ಟು ಇಂಗ್ಲಿಷಿಗೆ ಕಾಯುತ್ತಾನೆ. ಅರ್ಥವಾಗದ ಪದಕ್ಕೆ ಚಿತ್ರ ತೋರಿಸಿ.

ಮುದ್ರಣಕ್ಕೆ ಒಂದೆರಡು ಮಾತು. ಎ4 ಹಾಳೆಯ ಎರಡೂ ಬದಿ ಮುದ್ರಿಸಿ ನಡುವೆ ಮಡಚಿದರೆ 4 ಪುಟ, 16 ಪುಟಕ್ಕೆ 4 ಹಾಳೆ. ಪುಟಗಳು ನಾಲ್ಕರ ಲೆಕ್ಕಕ್ಕೆ ಬರದಿದ್ದರೆ ಖಾಲಿ ಪುಟ ಕೊನೆಗೆ ಸೇರಿಸಿ. ನಡುವೆ ಸೇರಿಸಿದರೆ ಎದುರುಬದುರು ಪುಟಕ್ಕೆ ಹರಡಿದ ಚಿತ್ರ ಇಬ್ಭಾಗವಾಗುತ್ತದೆ. ಪ್ರಿಂಟರಿನಲ್ಲಿ ‘ಬುಕ್‌ಲೆಟ್’ ಆರಿಸಿ, ಹಾಳೆ ಗಿಡ್ಡ ಅಂಚಿನಲ್ಲಿ ಮಗುಚುವಂತೆ ಹೇಳಬೇಕು, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗುತ್ತದೆ. 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಲೆಕ್ಕ) ಕಾಗದದಲ್ಲಿ ಹಿಂದಿನ ಬಣ್ಣ ಮುಂದಕ್ಕೆ ಕಾಣುತ್ತದೆ, 120 ಒಳ್ಳೆಯದು. ಮಡಿಕೆಯ ಮೇಲೆ ಮೂರು ತೂತು ಮಾಡಿ. ದಪ್ಪ ದಾರವನ್ನು ಒಳಗಿನಿಂದ ನಡು ತೂತಿನಲ್ಲಿ ಹೊರಗೆ ತೆಗೆದು, ಮೇಲಿನದರಲ್ಲಿ ಒಳಗೆ, ಕೆಳಗಿನದರಲ್ಲಿ ಹೊರಗೆ, ಮತ್ತೆ ನಡುವಿನದರಲ್ಲಿ ಒಳಗೆ ತಂದು ಗಂಟು ಹಾಕಿ. ಗಂಟು ಹಾಕುವ ಕೆಲಸ ಮಗನಿಗೇ ಬಿಡಿ.