ಮೊಮ್ಮಗಳ ಜೊತೆ ಮಾಗಡಿ ಕೆರೆಗೆ ಹೊರಟವರಿಗೆ

ಅಕ್ಕಾವರೇ, ನಮಸ್ಕಾರ. ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ಗದಗಿಗೆ ಬರುವ ಏಳು ವರ್ಷದ ಮೊಮ್ಮಗಳನ್ನು ಹಕ್ಕಿ ನೋಡಲು ಮಾಗಡಿ ಕೆರೆಗೆ ಕರೆದೊಯ್ಯಬೇಕೆಂದಿದ್ದೀರಿ. ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಬೈನಾಕ್ಯುಲರ್ ಕೊಳ್ಳಬೇಕು, ನಮಗೇ ಹಕ್ಕಿಗಳ ಹೆಸರು ತಿಳಿಯದಿರುವಾಗ ಮಗುವಿಗೆ ಏನು ತೋರಿಸುವುದು ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬ ರೈತರು, ‘ಆ ಬಾತುಗಳು ನಮ್ಮ ಕಡಲೆ ಹೊಲ ಮೇಯುತ್ತವೆ, ಅವುಗಳನ್ನು ನೋಡಲು ಬೇರೆ ಹೋಗಬೇಕೇ’ ಎಂದು ಬರೆದಿದ್ದಾರೆ. ನಾನು ಚಳಿಗಾಲದಲ್ಲಿ ಮೊಮ್ಮಗನ ಜೊತೆ ಆ ಕಡೆ ತಿರುಗಾಡುವವನು. ತಿಳಿದಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದವಾದೀತು.

ಮೊದಲು ಗೊಂದಲವೊಂದನ್ನು ಬಿಡಿಸಿಬಿಡುತ್ತೇನೆ. ಇದು ಬೆಂಗಳೂರು ಬದಿಯ ಮಾಗಡಿಯಲ್ಲ, ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗಿನಿಂದ ಸುಮಾರು 25 ಕಿಲೋಮೀಟರ್. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಇದಕ್ಕೂ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ, ಸಿಕ್ಕಿತು. ಅದಕ್ಕೆ ಕಾರಣವಾದ ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ನವೆಂಬರ್ ಹೊತ್ತಿಗೆ ನಮ್ಮ ಎರೆ ಸೀಮೆಗೆ ಬರುತ್ತದೆ. ಮಾರ್ಚ್‌ನಲ್ಲಿ ಬಿಸಿಲು ಬಲಿಯುವಾಗ ಹೊರಡುತ್ತದೆ. ನೀವು ಹೋಗುವ ಡಿಸೆಂಬರ್ ಕೊನೆ, ಜನವರಿ ಒಳ್ಳೆಯ ಕಾಲ.

ಹೊತ್ತಿನ ವಿಷಯ. ಈ ಹೆಬ್ಬಾತುಗಳು ಕೆರೆಯಲ್ಲಿ ಮೀನು ಹಿಡಿಯುವ ಹಕ್ಕಿಗಳಲ್ಲ. ಹುಲ್ಲು, ಚಿಗುರು, ಕಾಳು ಇವುಗಳ ಆಹಾರ. ಮುಸ್ಸಂಜೆ ಮತ್ತು ನಸುಕಿನಲ್ಲಿ ಹೊಲಗಳಿಗೆ ಮೇವಿಗೆ ಹೋಗಿ, ಬಿಸಿಲೇರಿದಂತೆ ಕೆರೆಗೆ ಮರಳಿ ವಿಶ್ರಾಂತಿ ಪಡೆಯುತ್ತವೆ. ಹಾಗಾಗಿ ಬೆಳಗಿನ ಏಳು ಗಂಟೆಗೆ ಕೆರೆ ಬರಿದಾಗಿ ಕಂಡರೆ ನಿರಾಶರಾಗಿ ತಿರುಗಬೇಡಿ. ಅಲ್ಲಿಯೇ ಕುಳಿತಿರಿ. ದೂರದಿಂದ ‘ಆಂಕ್, ಆಂಕ್’ ಎಂಬ ಕೂಗು ಮೊದಲು ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ. ನೀರಿನ ಮೇಲೆ ಬರುತ್ತಿದ್ದಂತೆ ರೆಕ್ಕೆ ಬಿಗಿಹಿಡಿದು, ಕಿತ್ತಳೆ ಬಣ್ಣದ ಕಾಲು ಮುಂದೆ ಚಾಚಿ ಇಳಿಯುತ್ತವೆ. ಮಗು ಕಾಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯೋದಯ 6.50ರ ಆಸುಪಾಸು. ಮಗುವನ್ನು ಕತ್ತಲಲ್ಲಿ ಎಬ್ಬಿಸಿ ಅಳಿಸುವ ಅಗತ್ಯವೇನೂ ಇಲ್ಲ. ಏಳೂವರೆಗೆ ತಲುಪಿದರೂ ಸಾಕು, ಹತ್ತರೊಳಗೆ ಮುಗಿಸಿ. ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರುವ ಹಾಗೆ ನಿಲ್ಲಿ. ಎದುರು ಬಿಸಿಲಿಗೆ ನಿಂತರೆ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ.

ಬೈನಾಕ್ಯುಲರ್: ಅಂಗಡಿಯಲ್ಲಿ 20×, 30× ಎಂದು ಆಸೆ ಹುಟ್ಟಿಸುತ್ತಾರೆ, ಕೊಳ್ಳಬೇಡಿ. ಹೆಚ್ಚು ದೊಡ್ಡದಾಗಿ ತೋರಿಸಿದಷ್ಟೂ ಕೈ ನಡುಕವೂ ದೊಡ್ಡದಾಗುತ್ತದೆ, ಕಾಣುವ ವಿಸ್ತಾರ ಕಿರಿದಾಗುತ್ತದೆ. ನಿಮಗೆ 8×42 ಸರಿ (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ಗಳಲ್ಲಿ). ಮಗುವಿನ ಕೈಗೆ ಅದು ಭಾರ, ಕಣ್ಣಿಗೂ ಅಗಲ. ಚಿಕ್ಕ ಮಕ್ಕಳ ಎರಡು ಕಣ್ಣುಗಳ ನಡುವಿನ ಅಂತರ ಕಡಿಮೆ. ದೊಡ್ಡವರ ಬೈನಾಕ್ಯುಲರ್ ಅನ್ನು ಎಷ್ಟು ಮಡಿಸಿದರೂ ಅದು ಅವರ ಕಣ್ಣಿಗೆ ಹೊಂದುವುದಿಲ್ಲ. ‘ಏನೂ ಕಾಣಿಸುತ್ತಿಲ್ಲ’ ಎಂದು ಮಗು ಹಟ ಮಾಡಿದರೆ ಅದು ಹಟವಲ್ಲ, ನಿಜವಾಗಿಯೂ ಕಾಣುತ್ತಿರುವುದಿಲ್ಲ. ಅವಳಿಗೆ 6×30 ಅಥವಾ ಹಗುರವಾದ 8×25 ನೋಡಿ, ಕೊಳ್ಳುವಾಗ ಅವಳ ಕಣ್ಣಿಗೇ ಹಿಡಿದು ಪರೀಕ್ಷಿಸಿ. ಹೋಗುವ ಮುಂಚೆ ಮನೆಯ ಮಾಳಿಗೆಯ ಮೇಲೆ ನಿಂತು ಕರೆಂಟ್ ಕಂಬದ ಕಾಗೆಯನ್ನು ಹುಡುಕುವ ಅಭ್ಯಾಸ ಮಾಡಿಸಿ. ಕಣ್ಣನ್ನು ಹಕ್ಕಿಯ ಮೇಲಿಂದ ತೆಗೆಯದೆ ಬೈನಾಕ್ಯುಲರ್ ಅನ್ನೇ ಕಣ್ಣಿನ ಬಳಿಗೆ ತರಬೇಕು, ಇಷ್ಟೇ ಗುಟ್ಟು. ಅದರಿಂದ ಸೂರ್ಯನನ್ನು ಮಾತ್ರ ಎಂದಿಗೂ ನೋಡಕೂಡದು ಎಂದು ಗಟ್ಟಿಯಾಗಿ ಹೇಳಿಡಿ.

ಏನು ತೋರಿಸುವುದು ಎಂಬ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. ಐವತ್ತು ಹೆಸರು ಹೇಳಿಕೊಡಲು ಹೋಗಬೇಡಿ. ಒಂದೇ ಹಕ್ಕಿಯನ್ನು ಅರ್ಧ ಗಂಟೆ ನೋಡಲಿ. ಹೆಬ್ಬಾತುಗಳ ಗುಂಪಿನಲ್ಲಿ ಅವಳಿಗೆ ಒಂದು ಕೆಲಸ ಕೊಡಿ: ತಲೆಯ ಮೇಲೆ ಪಟ್ಟೆ ಇಲ್ಲದವನ್ನು ಹುಡುಕು ಎನ್ನಿ. ದೊಡ್ಡ ಹಕ್ಕಿಗಳ ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಅಡ್ಡಪಟ್ಟೆಗಳಿರುತ್ತವೆ. ಅದೇ ವರ್ಷ ಹುಟ್ಟಿದ ಮರಿಗಳಿಗೆ ಆ ಪಟ್ಟೆ ಇನ್ನೂ ಮೂಡಿರುವುದಿಲ್ಲ. ಮುಖ ಮಾಸಲು ಬಿಳುಪು, ನೆತ್ತಿಯಿಂದ ಕತ್ತಿನ ಹಿಂಬದಿಯವರೆಗೆ ಬೂದುಗಂದು ಬಣ್ಣ. ಅಂಥದೊಂದು ಸಿಕ್ಕಿದ ಮೇಲೆ ಸುಮ್ಮನೆ ಅದನ್ನೇ ಹಿಂಬಾಲಿಸಿ ನೋಡಿ. ಪಟ್ಟೆ ಇರುವ ಎರಡು ದೊಡ್ಡ ಹಕ್ಕಿಗಳು ಅದರ ಆಸುಪಾಸಿನಲ್ಲೇ ತಿರುಗುತ್ತಿರುವ ಸಾಧ್ಯತೆ ಹೆಚ್ಚು. ಹೆಬ್ಬಾತುಗಳಲ್ಲಿ ತಂದೆತಾಯಿ ಮರಿಗಳ ಜೊತೆಯಲ್ಲೇ ವಲಸೆ ಬರುತ್ತವೆ, ಚಳಿಗಾಲವನ್ನು ಒಂದೇ ಕುಟುಂಬವಾಗಿ ಕಳೆಯುತ್ತವೆ. ಬೇಸಿಗೆಯಲ್ಲಿ ಮೊಟ್ಟೆಯೊಡೆದು ಬಂದ ಆ ಮರಿ, ವರ್ಷ ತುಂಬುವ ಮೊದಲೇ ಹಿಮಾಲಯ ದಾಟಿ ಶಿರಹಟ್ಟಿ ತಾಲ್ಲೂಕಿಗೆ ಬಂದಿದೆ! ಇದನ್ನು ಹೇಳಿದಾಗ ಮಗುವಿನ ಕಣ್ಣು ಅರಳುವುದನ್ನು ನೀವೇ ನೋಡುತ್ತೀರಿ.

ಹೇಗೆ ದಾಟಿತು ಎಂದು ಕೇಳಿಯೇ ಕೇಳುತ್ತಾಳೆ. ಇವುಗಳ ರಕ್ತ ತೆಳುವಾದ ಗಾಳಿಯಿಂದಲೂ ಆಮ್ಲಜನಕವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬಹುಪಾಲು ಕಣಿವೆಗಳ ಏರಿಳಿತವನ್ನು ಅನುಸರಿಸಿ, ಗಾಳಿ ತಣ್ಣಗಿದ್ದು ದಟ್ಟವಾಗಿರುವ ರಾತ್ರಿ ಮತ್ತು ನಸುಕಿನಲ್ಲಿ ಹಾರುತ್ತವೆ. ಬೆನ್ನಿಗೆ ಉಪಕರಣ ಕಟ್ಟಿ ಅಳೆದಾಗ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಎವರೆಸ್ಟ್ ಮೇಲಿಂದಲೇ ಹಾರುತ್ತವೆ ಎಂದು ಎಲ್ಲರೂ ಹೇಳುವುದನ್ನು ಮಗುವಿಗೆ ಹೇಳಬೇಡಿ, ಅಳೆದ ಸತ್ಯವೇ ಸಾಕಷ್ಟು ಅದ್ಭುತವಾಗಿದೆ.

ಹತ್ತಿರ ಎಷ್ಟು ಹೋಗಬಹುದು? ಹಕ್ಕಿಗಳೇ ಹೇಳುತ್ತವೆ. ಗುಂಪು ನೆಮ್ಮದಿಯಾಗಿರುವಾಗ ಕೆಲವು ಮಾತ್ರ ಕತ್ತೆತ್ತಿ ಕಾವಲು ನಿಂತಿರುತ್ತವೆ, ಉಳಿದವು ತಲೆಯನ್ನು ರೆಕ್ಕೆಯೊಳಗೆ ಸೇರಿಸಿಕೊಂಡೋ ಮೇಯುತ್ತಲೋ ಇರುತ್ತವೆ. ಒಂದೊಂದಾಗಿ ಎಲ್ಲ ಕತ್ತುಗಳೂ ಮೇಲೆದ್ದವೋ, ನೀವು ಮಿತಿ ದಾಟಿದ್ದೀರಿ ಎಂದರ್ಥ. ನಿಂತಲ್ಲೇ ನಿಲ್ಲಿ, ನಿಧಾನವಾಗಿ ಹಿಂದೆ ಸರಿಯಿರಿ. ಚಿತ್ರಕ್ಕಾಗಿ ಕಲ್ಲೆಸೆದು, ಚಪ್ಪಾಳೆ ತಟ್ಟಿ ಹಾರಿಸುವವರನ್ನು ಕಂಡರೆ ನನಗೆ ಬಹಳ ಸಂಕಟವಾಗುತ್ತದೆ. ಮಾರ್ಚ್‌ನ ಮರುಪ್ರಯಾಣಕ್ಕೆ ಅವು ಇಲ್ಲಿ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ಸುಮ್ಮನೆ ಎಬ್ಬಿಸಿದಷ್ಟೂ ಆ ಗಳಿಕೆ ಕರಗುತ್ತದೆ. ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ.

ಹೆಬ್ಬಾತು ಸಾಕಾದಾಗ ದಡದ ಬಳಿ ಗುಳುಮುಳುಕನನ್ನು ತೋರಿಸಿ. ಪುಟ್ಟ ಹಕ್ಕಿ, ಮುಳುಗಿದರೆ ಎಲ್ಲಿ ಏಳುತ್ತದೆ ಎಂದು ಪಂದ್ಯ ಕಟ್ಟಿ ಆಡಬಹುದು. ಕಪ್ಪು ಮೈಗೆ ಹಣೆಯಲ್ಲಿ ಬಿಳಿ ನಾಮ ಇಟ್ಟುಕೊಂಡಿರುವುದು ನಾಮದ ಕೋಳಿ, ಮಕ್ಕಳು ಈ ಹೆಸರನ್ನು ಮರೆಯುವುದೇ ಇಲ್ಲ. ಕೆಸರಿನಲ್ಲಿ ಬಾಲ ಕುಣಿಸುತ್ತ ಓಡುವುದು ಕುಂಡೆಕುಸ್ಕ. ದಾರಿಯಲ್ಲಿ ಜೋಳದ ಹೊಲದ ಮೇಲೆ ಮೋಡದಂತೆ ಏಳುವ ಗುಲಾಬಿ ಬಣ್ಣದ ಕಬ್ಬಕ್ಕಿಗಳು ಸಿಕ್ಕರೆ ಗಾಡಿ ನಿಲ್ಲಿಸಿ ನೋಡಿ.

ಇನ್ನು ಕಡಲೆ ಹೊಲದ ಮಾತು. ಆ ಅಣ್ಣನವರ ನೋವು ನಿಜ. ಗುಂಪು ಇಳಿದ ಹೊಲದಲ್ಲಿ ಎಳೆ ಪೈರು ಉಳಿಯುವುದು ಕಷ್ಟ, ನಷ್ಟ ಒಬ್ಬನದೇ ಆಗುತ್ತದೆ, ನೋಡಿ ಸಂತೋಷಪಡುವವರು ನಾವೆಲ್ಲರೂ. ಆದ್ದರಿಂದ ನೋಡಲು ಹೋಗುವವರು ಕನಿಷ್ಠ ಬದುವಿನ ಮೇಲೆಯೇ ನಡೆಯಬೇಕು, ಹೊಲದವರನ್ನು ಕೇಳಿಯೇ ಒಳಗೆ ಕಾಲಿಡಬೇಕು, ಮಗು ಆಸೆಪಟ್ಟರೆ ಹಸಿಕಡಲೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಬೆಳೆ ಉಳಿಸಿಕೊಳ್ಳಲು ಆ ರೈತ ಹಕ್ಕಿಯನ್ನು ಓಡಿಸಿದರೆ ನಾವು ಉಪದೇಶ ಮಾಡಲು ನಿಲ್ಲಬಾರದು. ಹೊಲದವರೊಡನೆ ಹತ್ತು ನಿಮಿಷ ಮಾತನಾಡಿದರೆ, ಹೆಬ್ಬಾತು ಎಂದು ಬಂದವು, ಎಲ್ಲಿ ಮೇಯುತ್ತಿವೆ ಎಂಬುದು ಮಗುವಿಗೂ ತಿಳಿಯುತ್ತದೆ.

ಜೋಪಾನದ ಮಾತು ಒಂದೆರಡು. ಸತ್ತ ಅಥವಾ ತೂಕಡಿಸುತ್ತ ಬಿದ್ದ ಹಕ್ಕಿಯನ್ನು ಮುಟ್ಟಗೊಡಬೇಡಿ. 2005ರಲ್ಲಿ ಚೀನಾದ ಚಿಂಗ್‌ಹೈ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು ಸತ್ತವು, ಅವುಗಳಲ್ಲಿ ಬಹಳಷ್ಟು ಇದೇ ಹೆಬ್ಬಾತುಗಳು. ಅಂಥದ್ದು ಕಂಡರೆ ಅರಣ್ಯ ಇಲಾಖೆಯವರಿಗೋ ಪಶುವೈದ್ಯರಿಗೋ ತಿಳಿಸಿ. ಬಿದ್ದ ಗರಿಯನ್ನೂ ಅಲ್ಲೇ ಬಿಡಲಿ. ಬುತ್ತಿ ಬಿಚ್ಚುವ ಮುಂಚೆ ಸೋಪಿನಿಂದ ಕೈ ತೊಳೆಸಿ. ಮಾಸಲು ಬಣ್ಣದ ಬಟ್ಟೆ, ಪಾದ ಮುಚ್ಚುವ ಬೂಟು, ಬಿಚ್ಚಿ ಹಾಕಲು ಬರುವಂಥ ಸ್ವೆಟರ್ ಇರಲಿ. ಒಂಬತ್ತರ ಹೊತ್ತಿಗೆ ಬಿಸಿಲು ಚುರುಕಾಗುತ್ತದೆ.

ಒಂದು ನೋಟ್‌ಬುಕ್ ಕೊಡಿ, ದಿನಾಂಕ ಬರೆದು ಅವಳೇ ಚಿತ್ರ ಬಿಡಿಸಲಿ. ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಜನಸಾಮಾನ್ಯರು ಹಕ್ಕಿ ಎಣಿಸುವ ಕಾರ್ಯಕ್ರಮವಿದೆ, ಕಂಡ ಹಕ್ಕಿಗಳ ಲೆಕ್ಕ ದಾಖಲಿಸುವ ಇ-ಬರ್ಡ್ ಆ್ಯಪ್‌ನಲ್ಲಿ 15 ನಿಮಿಷದ ಎಣಿಕೆ ಹಾಕಿದರೂ ಸಾಕು. ಬೆಂಗಳೂರಿಗೆ ಮರಳಿದ ಮೇಲೆ ಅವಳು ಮನೆಯ ಮುಂದಿನ ಕಾಗೆ, ಪಾರಿವಾಳಗಳನ್ನೇ ಎಣಿಸಿ ಹಾಕಬಹುದು.

ಕೊನೆಯದಾಗಿ, ಯಾವುದಾದರೂ ಹೆಬ್ಬಾತಿನ ಕೊರಳಲ್ಲಿ ಅಕ್ಷರ, ಅಂಕಿ ಬರೆದ ಬಣ್ಣದ ಪಟ್ಟಿ ಇದೆಯೇ ಎಂದು ಅವಳಿಗೆ ಹುಡುಕಲು ಹೇಳಿ. ವಲಸೆಯ ಜಾಡು ತಿಳಿಯಲೆಂದು ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹಕ್ಕಿಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಸಿಕ್ಕಿವೆ. ಕಂಡರೆ ಪಟ್ಟಿಯ ಬಣ್ಣ, ಅಕ್ಷರ, ದಿನಾಂಕ, ಜಾಗ ಬರೆದುಕೊಂಡು, ಸಾಧ್ಯವಾದರೆ ದೂರದಿಂದಲೇ ಚಿತ್ರ ತೆಗೆದು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿ. ಇಲ್ಲಿಯೂ ಹಾಕಿ, ಬರೆದು ಕಳುಹಿಸಲು ನಾನು ನೆರವಾಗುತ್ತೇನೆ.