ಉಳಿದ ಹತ್ತು ಕಿಲೋಮೀಟರ್ ಎಲ್ಲಿಂದ ಬರುತ್ತೆ?

ಮ್ಯಾರಥಾನ್ ತಯಾರಿ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಲಾಂಗ್ ರನ್, ಅಂದರೆ ವಾರಕ್ಕೊಮ್ಮೆ ಓಡುವ ಉದ್ದದ ಓಟದ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಬರೀ ಅದೇ.

ಪ್ರಶ್ನೆ: ನನಗೆ 41 ವರ್ಷ. ಮೊದಲ ಮ್ಯಾರಥಾನ್‌ಗೆ 18 ವಾರದ ಪ್ಲಾನ್ ಹಿಡಿದಿದ್ದೇನೆ. ಗುರಿ ನಾಲ್ಕೂವರೆ ಗಂಟೆ. ಪ್ಲಾನ್‌ನಲ್ಲಿ ಅತಿ ಉದ್ದದ ಓಟವೇ 32 ಕಿ.ಮೀ. ಆದರೆ ಅವತ್ತು ಓಡಬೇಕಾದ್ದು 42. ಒಮ್ಮೆಯೂ ಓಡದ ಆ ಹತ್ತು ಕಿಲೋಮೀಟರ್ ಎಲ್ಲಿಂದ ತರಲಿ ಮೇಡಂ? ಒಂದು ಸಲ ಪೂರ್ತಿ ಓಡಿ ನೋಡಿಬಿಡಲೇ?

ಬೇಡ. ಈ "ಓಡಿ ನೋಡಿಬಿಡೋಣ" ಅನ್ನೋದು ನನ್ನ ತಲೆಗೂ ಹೊಕ್ಕಿತ್ತು. ಮೊದಲ ಮ್ಯಾರಥಾನ್‌ಗೆ ಹದಿನೈದು ದಿನ ಇರುವಾಗ, ಧೈರ್ಯಕ್ಕೆ ಅಂತ, ಒಬ್ಬಳೇ ಹೋಗಿ 38 ಕಿ.ಮೀ. ಓಡಿ ಬಂದೆ. ಧೈರ್ಯ ಬಂತು. ಜೊತೆಗೆ ಎಡ ಮೊಣಕಾಲಿನ ಕೆಳಗಿನ ಉದ್ದ ಮೂಳೆಯ ಒಳ ಅಂಚಿನಲ್ಲಿ ಒಂದು ನೋವೂ ಬಂತು. ತೊಡೆ ಹಿಡಿದುಕೊಂಡು ಎರಡು ದಿನ ಮೆಟ್ಟಿಲನ್ನು ಹಿಂದುಹಿಂದಕ್ಕೆ ಇಳಿದೆ. ತೊಡೆ ಸರಿಹೋಯಿತು, ಮೂಳೆಯ ನೋವು ಹೋಗಲಿಲ್ಲ.

ಓಟದ ದಿನ 31ನೇ ಕಿಲೋಮೀಟರಿಗೆ ಕಾಲು ಮುಷ್ಕರ ಹೂಡಿತು. ಓಡುವಾಗ ಶಕ್ತಿಗೆ ಅಂತ ತಿನ್ನುವ ಸಿಹಿ ಜೆಲ್ ತಿನ್ನೋಣ ಅಂದರೆ ಪೊಟ್ಟಣದ ಮೂಲೆ ಹರಿಯೋಕೂ ಬೆರಳಲ್ಲಿ ಬಲ ಇಲ್ಲ. ಹಲ್ಲಲ್ಲಿ ಕಚ್ಚಿ ಎಳೆದೆ, ಜಾರಿತು. ಇನ್ನೊಂದು ಸಲ ಎಳೆದೆ, ಅರ್ಧ ಜೆಲ್ ಗಲ್ಲಕ್ಕೆ ಮೆತ್ತಿತು, ಬಾಯಿಗೆ ಬರಲಿಲ್ಲ. ನೀರು ಕೊಡುತ್ತಾ ನಿಂತಿದ್ದ ಹುಡುಗ, ಹೈಸ್ಕೂಲಿನವನಿರಬೇಕು, ಒಂದೂ ಮಾತಾಡದೆ ಪೊಟ್ಟಣ ತಗೊಂಡು ಸರಿಯಾಗಿ ಹರಿದು ಕೈಗಿಟ್ಟ. ಉಳಿದ ದೂರದಲ್ಲಿ ಏಳು ಕಿಲೋಮೀಟರ್ ನಡೆದೇ ಮುಗಿಸಿದೆ.

ಅಂದರೆ ಆ ಹತ್ತು ಕಿ.ಮೀ.ಯನ್ನು ನಾನು ಹದಿನೈದು ದಿನ ಮುಂಚೆಯೇ ಖರ್ಚು ಮಾಡಿಬಿಟ್ಟಿದ್ದೆ.

ನಿಮ್ಮ 32ನ್ನು ನೀವು ಯಾವಾಗ ಓಡುತ್ತೀರಿ ನೋಡಿ. ವಾರವೆಲ್ಲ ಓಡಿ ದಣಿದ ಕಾಲಲ್ಲಿ. ಮ್ಯಾರಥಾನ್ ಓಡೋದು ಕೊನೆಯ ಎರಡು ಮೂರು ವಾರ ಓಟ ಕಡಿಮೆ ಮಾಡಿ, ಚೆನ್ನಾಗಿ ತಿಂದು, ಮಲಗಿ ಎದ್ದ ಕಾಲಲ್ಲಿ. ಟೇಪರ್ ಅನ್ನೋದು ಇದನ್ನೇ. ದಣಿದ ಕಾಲಿನ 32, ದಣಿವಾರಿದ ಕಾಲಿನ 42ಕ್ಕೆ ಸಾಕಾಗುತ್ತದೆ. ಎಷ್ಟೋ ಜನ ಇದೇ ಲೆಕ್ಕದಲ್ಲಿ ಮುಗಿಸಿದ್ದಾರೆ. ಕೊನೆಯ ದೊಡ್ಡ ಓಟ ಮೂರು ವಾರ ಮುಂಚೆ ಇರಲಿ.

ಇನ್ನೊಂದು ಮಾತು. ನಿಮಗೆ ಕಿಲೋಮೀಟರಿಗಿಂತ ಗಡಿಯಾರ ಮುಖ್ಯ. ಕೀನ್ಯಾದ ಮ್ಯಾರಥಾನ್ ದಿಗ್ಗಜ ಎಲಿಯುಡ್ ಕಿಪ್ಚೊಗೆ ತಯಾರಿಯಲ್ಲಿ 40 ಕಿ.ಮೀ. ಓಡುತ್ತಾರೆ, ನಾವ್ಯಾಕೆ ಓಡಬಾರದು ಅಂತ ಕೇಳುವವರಿದ್ದಾರೆ. ಅವರಿಗೆ ಆ ನಲವತ್ತಕ್ಕೆ ಎರಡೂವರೆ ಗಂಟೆಯೂ ಬೇಡ. ನಿಮ್ಮ ಲಾಂಗ್ ರನ್ ಕಿಲೋಮೀಟರಿಗೆ ಏಳು ನಿಮಿಷದ ಮೇಲೆ ಹೋಗುತ್ತದೆ, 40 ಓಡಲು ಹೆಚ್ಚುಕಡಿಮೆ ಐದು ಗಂಟೆ. ದೇಹಕ್ಕೆ ಗೊತ್ತಾಗೋದು ಎಷ್ಟು ಹೊತ್ತು ಅನ್ನೋದು, ಎಷ್ಟು ದೂರ ಅನ್ನೋದಲ್ಲ. ಮೂರು, ಹೆಚ್ಚೆಂದರೆ ಮೂರೂವರೆ ಗಂಟೆಗೆ ನಿಲ್ಲಿಸಿ. ಅಷ್ಟರಲ್ಲಿ 29 ಆಗಿದ್ದರೆ 29ಕ್ಕೇ ಮನೆಗೆ ಹೋಗಿ. ಪ್ಲಾನ್‌ನ ಹಾಳೆ ಕೋಪ ಮಾಡಿಕೊಳ್ಳಲ್ಲ.

ಪ್ರಶ್ನೆ: ನಾಲ್ಕು ಗಂಟೆಯೊಳಗೆ ಮುಗಿಸುವ ಆಸೆ. ಅದಕ್ಕೆ 5:40ರ ಪೇಸ್, ಅಂದರೆ ಕಿ.ಮೀ.ಗೆ 5 ನಿಮಿಷ 40 ಸೆಕೆಂಡಿನ ವೇಗ ಬೇಕು. ಪ್ರತಿ ಲಾಂಗ್ ರನ್ ಕೂಡ 5:40ರಲ್ಲೇ ಶುರು ಮಾಡುತ್ತೇನೆ. 24 ಕಿ.ಮೀ. ಹೊತ್ತಿಗೆ ಕಾಲು ಎತ್ತೋಕಾಗಲ್ಲ. ನನಗೆ ಸ್ಟ್ಯಾಮಿನಾ ಇಲ್ಲವೇ?

ಇದೆ ಸ್ವಾಮಿ. ನೀವು ಪ್ರತಿ ಭಾನುವಾರ ಪರೀಕ್ಷೆ ಬರೆಯುತ್ತಿದ್ದೀರಿ, ಓದೋದು ಯಾವಾಗ?

ಸ್ವಲ್ಪ ಲೆಕ್ಕ ಹಾಕೋಣ. ಓಡುವವರು ಒಂದು ಕಿಲೋಮೀಟರಿಗೆ, ತಮ್ಮ ತೂಕದ ಪ್ರತಿ ಕೆ.ಜಿ.ಗೆ, ಸುಮಾರು ಒಂದು ಕ್ಯಾಲೊರಿ ಸುಡುತ್ತಾರೆ. ನೀವು 65 ಕೆ.ಜಿ. ಇದ್ದೀರಿ ಅಂದುಕೊಳ್ಳಿ. 42 ಕಿ.ಮೀ.ಗೆ 2,700ರ ಹತ್ತಿರ. ಸ್ನಾಯು ಮತ್ತು ಲಿವರಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುವ ಸಕ್ಕರೆ ಹೆಚ್ಚುಕಡಿಮೆ 2,000 ಕ್ಯಾಲೊರಿಗೆ ಆಗುತ್ತದೆ. ಉಳಿದದ್ದು ಕೊಬ್ಬಿನಿಂದ ಬರಬೇಕು. ಕೊಬ್ಬು ಎಲ್ಲರ ಮೈಯಲ್ಲೂ ಬೇಕಾದಷ್ಟಿದೆ, ಅದರಲ್ಲಿ ಬಡವರಿಲ್ಲ. ಆದರೆ ಅದು ನಿಧಾನಕ್ಕೆ ಉರಿಯುವ ಸೌದೆ. ಜೋರಾಗಿ ಓಡಿದಷ್ಟೂ ದೇಹ ಸಕ್ಕರೆಗೇ ಕೈ ಹಾಕುತ್ತದೆ. ಅದು ಖಾಲಿಯಾದ ಜಾಗವೇ ಓಡುವವರು ಹೇಳುವ "ವಾಲ್". ತುಂಬಾ ಜನರಿಗೆ 30 ದಾಟಿದ ಮೇಲೆ ಎದುರಾಗುತ್ತದೆ. ನಿಮಗೆ 24ಕ್ಕೇ ಬರುತ್ತಿದೆ, ಯಾಕೆಂದರೆ ವಾರದ ದಣಿವಿನ ಮೇಲೆ ಓಟದ ದಿನದ ಪೇಸ್ ಹಾಕುತ್ತಿದ್ದೀರಿ.

ನಿಧಾನದ ಉದ್ದ ಓಟದಲ್ಲಿ ಸ್ನಾಯುವಿನೊಳಗೆ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಕೊಬ್ಬು ಸುಡುವ ಮೈಟೊಕಾಂಡ್ರಿಯ, ಅಂದರೆ ಜೀವಕೋಶದೊಳಗಿನ ಪುಟ್ಟ ಒಲೆಗಳು, ಹೆಚ್ಚುತ್ತವೆ. ಇದು ಬರೀ ಮ್ಯಾರಥಾನ್ ಓಡುವವರ ವಿದ್ಯೆಯಲ್ಲ. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ತಮ್ಮ ಶಿಷ್ಯ ಪೀಟರ್ ಸ್ನೆಲ್‌ಗೆ ಭಾನುವಾರ 22 ಮೈಲಿ, ಅಂದರೆ 35 ಕಿ.ಮೀ. ಓಡಿಸುತ್ತಿದ್ದರು. ಸ್ನೆಲ್ ಓಡುತ್ತಿದ್ದ ಸ್ಪರ್ಧೆ ಯಾವುದು ಗೊತ್ತೇ? 800 ಮೀಟರ್! 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ, 1964ರ ಟೋಕಿಯೊದಲ್ಲಿ ಮತ್ತೆ ಚಿನ್ನ.

ನೀವು 6:25–6:45ಕ್ಕೆ ಇಳಿಯಿರಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಒಬ್ಬರೇ ಇದ್ದರೆ ಗಟ್ಟಿಯಾಗಿ ಮಾತಾಡಿಕೊಳ್ಳಿ, ನೋಡುವವರು ನೋಡಲಿ. ಮೊದಲ ಎರಡು ವಾರ ಹಿಂಸೆ ಆಗುತ್ತೆ, ಎಲ್ಲರೂ ನಿಮ್ಮನ್ನು ದಾಟಿ ಹೋಗ್ತಾರೆ. ನನ್ನನ್ನು ಒಮ್ಮೆ ನಾಯಿ ಹಿಡಿದುಕೊಂಡು ವಾಕಿಂಗ್ ಬಂದಿದ್ದ ತಾತ ಏರಿನಲ್ಲಿ ದಾಟಿ ಹೋದರು. ತಿರುಗಿ ನೋಡಿ "ನಿಧಾನ ಮಗಳೇ" ಅಂದರು ಬೇರೆ!

5:40ನ್ನು ಪೂರ್ತಿ ಬಿಡಬೇಡಿ. ಕೊನೆಯ ಒಂದೂವರೆ ತಿಂಗಳಲ್ಲಿ, ಎರಡು ವಾರಕ್ಕೊಮ್ಮೆ, ಲಾಂಗ್ ರನ್ನಿನ ಕೊನೆಯ 6–8 ಕಿ.ಮೀ. ಅದರಲ್ಲಿ ಓಡಿ. ದಣಿದ ಮೇಲೆ ಆ ಪೇಸ್ ಹೇಗಿರುತ್ತೆ ಅಂತ ಕಾಲಿಗೆ ಗೊತ್ತಾಗಲಿ.

ಪ್ರಶ್ನೆ: ಲಾಂಗ್ ರನ್‌ನಲ್ಲಿ ಎಷ್ಟು ನೀರು ಕುಡಿಯಬೇಕು? ಬಾಯಾರಿಕೆ ಆಗುವ ಮೊದಲೇ ಕುಡಿಯುತ್ತಿರಬೇಕು ಅಂತಾರೆ. ಕುಡಿದು ಕುಡಿದು ಹೊಟ್ಟೆ ಕುಲುಕುತ್ತೆ. ಜೆಲ್ ಬೇಕೇ ಬೇಕಾ?

ಹೊಟ್ಟೆ ಕುಲುಕುತ್ತಿದ್ದರೆ ಸಾಕು ಅಂತಲೇ ಅರ್ಥ. ನೀರು ಕಡಿಮೆಯಾದರೆ ತೊಂದರೆ ಅಂತ ಎಲ್ಲರಿಗೂ ಗೊತ್ತು. ಜಾಸ್ತಿಯಾದರೂ ಅಪಾಯ ಅನ್ನೋದು ಅಷ್ಟಾಗಿ ಗೊತ್ತಿಲ್ಲ. ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ, ವಿಪರೀತಕ್ಕೆ ಹೋದರೆ ಜೀವಕ್ಕೇ ಕುತ್ತು. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ 13 ಶೇಕಡಾ ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಓಡುತ್ತಾ ತೂಕ ಹೆಚ್ಚಿಸಿಕೊಂಡವರಲ್ಲೇ, ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರಲ್ಲೇ, ಇದು ಹೆಚ್ಚು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡುವ ನಮ್ಮಂಥವರಿಗೆ ಕುಡಿಯೋಕೆ ಸಮಯವೂ ಜಾಸ್ತಿ, ಅಲ್ವಾ?

ಬಾಯಾರಿದಾಗ ಕುಡಿಯಿರಿ. ಅನುಮಾನ ಇದ್ದರೆ ಓಡುವ ಮುಂಚೆ, ಓಡಿದ ಮೇಲೆ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರಿನ ಕೊರತೆ. ತೂಕ ಏರಿದ್ದರೆ ಬಾಟಲಿ ಚಿಕ್ಕದು ಮಾಡಿ.

ಜೆಲ್ಲೇ ಆಗಬೇಕೆಂದಿಲ್ಲ, ಕಾರ್ಬೊಹೈಡ್ರೇಟ್ ಬೇಕು. ಗಂಟೆಗೆ 30ರಿಂದ 60 ಗ್ರಾಂ. ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20–25 ಗ್ರಾಂ ಇರುತ್ತೆ. ಹೊಟ್ಟೆಗೂ ಅಭ್ಯಾಸ ಬೇಕು, ಅದನ್ನು ಮಾಡಿಸೋಕೆ ಲಾಂಗ್ ರನ್ನೇ ಜಾಗ. ಓಟದ ದಿನ ಯಾರೋ ಪುಕ್ಕಟೆ ಕೊಟ್ಟರು ಅಂತ ಹೊಸದನ್ನು ಬಾಯಿಗೆ ಹಾಕಬೇಡಿ. ಹಾಂ, ಆ ಪೊಟ್ಟಣದ ಮೂಲೆಯನ್ನು ಮನೆಯಲ್ಲೇ ಕತ್ತರಿಯಿಂದ ಚೂರು ಕತ್ತರಿಸಿಟ್ಟುಕೊಳ್ಳಿ.

ಪ್ರಶ್ನೆ: ಜ್ವರ ಬಂದು 26 ಕಿ.ಮೀ. ಓಟ ತಪ್ಪಿತು. ಮುಂದಿನ ವಾರದ್ದು 28. ಎರಡನ್ನೂ ಒಂದೇ ವಾರದಲ್ಲಿ ಓಡಲೇ? ಪಾದದ ಮೇಲೆ ಸ್ವಲ್ಪ ನೋವೂ ಇದೆ, ಮಾತ್ರೆ ನುಂಗಿ ಓಡಬಹುದೇ?

ತಪ್ಪಿದ್ದು ತಪ್ಪಿತು, ಬಿಟ್ಟುಬಿಡಿ. ಒಂದು ಲಾಂಗ್ ರನ್ ಹೋದರೆ ಮ್ಯಾರಥಾನ್ ಹೋಗಲ್ಲ. ಜ್ವರ ಪೂರ್ತಿ ಬಿಟ್ಟ ಮೇಲೆ ಚಿಕ್ಕ ಓಟಗಳಿಂದ ಶುರು ಮಾಡಿ, ಭಾನುವಾರ 22–24 ಸಾಕು.

ಮಾತ್ರೆ ನುಂಗಿ ಓಡೋದು ಖಂಡಿತ ಬೇಡ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ, ಬೆವರಿ ಒಣಗಿದ ಮೈ, ಗಂಟೆಗಟ್ಟಲೆ ಓಟ, ಮೂರೂ ಸೇರಿದರೆ ಪೆಟ್ಟು ಕಿಡ್ನಿಗೆ. ನೋವಿನ ಬಗ್ಗೆ ನನ್ನದೊಂದು ಲೆಕ್ಕವಿದೆ. ಅಂಗೈಯಲ್ಲಿ ಸವರಿ "ಇಲ್ಲೆಲ್ಲಾ ನೋವು" ಅಂದರೆ ಸಾಮಾನ್ಯವಾಗಿ ಸ್ನಾಯುವಿನದು, ಎರಡು ದಿನ ಕಾಯಬಹುದು. ಒಂದೇ ಬೆರಳಿಟ್ಟು "ಇಲ್ಲೇ" ಅಂತ ಮೂಳೆಯ ಮೇಲೆ ತೋರಿಸುವಂತಿದ್ದರೆ ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು, ಮೂಳೆಯಲ್ಲಿ ಕೂದಲೆಳೆಯ ಬಿರುಕಿರಬಹುದು. ನಾನು ಬೆರಳಿಟ್ಟೇ ತೋರಿಸುತ್ತಿದ್ದೆ, ಆದರೂ ಓಡಿದೆ. ಆಮೇಲೆ ಆರು ವಾರ ಕೂತೆ.

ಪ್ರಶ್ನೆ: ಮೂರು ಗಂಟೆ ಒಬ್ಬರೇ ಓಡುವಾಗ ಏನು ಯೋಚನೆ ಮಾಡ್ತೀರಿ? ನನಗೆ ಕಾಲಿಗಿಂತ ಮೊದಲು ತಲೆ ಸುಸ್ತಾಗುತ್ತೆ. ಇಯರ್‌ಫೋನ್ ಹಾಕಿಕೊಳ್ಳಬಹುದೇ?

ಮೊದಲ ಗಂಟೆ ಮನೆ ಲೆಕ್ಕ, ಯಾವ ಬಿಲ್ ಕಟ್ಟಿಲ್ಲ, ಯಾರಿಗೆ ಫೋನ್ ಮಾಡಿಲ್ಲ. ಎರಡನೇ ಗಂಟೆ ಯಾವುದೋ ಹಳೇ ಜಗಳ ನೆನಪಾಗುತ್ತದೆ, ಅವತ್ತು ಹೊಳೆಯದ ಉತ್ತರಗಳೆಲ್ಲ ಆಗ ಹೊಳೆದು ನಾನೇ ಗೆಲ್ಲುತ್ತೇನೆ. ಮೂರನೇ ಗಂಟೆ ಏನೂ ಇರಲ್ಲ. ಮುಂದಿನ ಲೈಟು ಕಂಬ, ಅದಾದ ಮೇಲೆ ಇನ್ನೊಂದು.

ಇಯರ್‌ಫೋನ್ ಬಗ್ಗೆಯೂ ಕೇಳಿದ್ದೀರಿ. ರಸ್ತೆಯಲ್ಲಿ ಓಡುವುದಾದರೆ ಒಂದೇ ಕಿವಿಗೆ ಹಾಕಿ.